ಇನ್ನೊಂದು ಬಟ್ಟಲು ಯಾರಿಗೆ?

ಕೋಟೆಯ ನೆಲಮಾಳಿಗೆಯಲ್ಲಿ, ಜೊತೆಗಿದ್ದೇ ದ್ರೋಹ ಬಗೆದ ವೈದ್ಯೆ ಸತ್ತು ಬಿದ್ದಾಗ ಮೇಜಿನ ಸುತ್ತ ಗೆಲುವಿನ ಕೂಗೆದ್ದಿತು. ಹದಿನಾಲ್ಕು ತಿಂಗಳಿಂದ, ವಾರ ಬಿಟ್ಟು ವಾರ, ಭಾನುವಾರ ಮಧ್ಯಾಹ್ನ ಬೆಂಗಳೂರಿನ ನಮ್ಮ ಮನೆಯ ಊಟದ ಮೇಜಿನಲ್ಲಿ ನಡೆದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಅಂದು ಮುಗಿದಿತ್ತು. ನಾಲ್ವರು ಗೆಳೆಯರಿಗೆ ಒಂದೊಂದು ಪಾತ್ರ. ರಾಜ, ಕಳ್ಳ, ಮಾಂತ್ರಿಕ, ಛತ್ರದ ಮುದುಕಿ, ಹೀಗೆ ಉಳಿದ ಲೋಕವೆಲ್ಲ ಗೇಮ್ ಮಾಸ್ಟರ್ ಆದ ನನ್ನ ಪಾಲು.

ಕೂಗು ಅಡಗಿದ ಮೇಲೆ ನೋಟ್‌ಬುಕ್ ತೆರೆದು ನಾಲ್ಕು ಪುಟ ಓದಿ ಹೇಳಿದೆ. ವೈದ್ಯೆಯ ಮಗ ಮಾಂತ್ರಿಕನ ಸೆರೆಯಲ್ಲಿದ್ದ. ಅಮಾವಾಸ್ಯೆಗೊಮ್ಮೆ ಆಕೆ ಈ ನಾಲ್ವರ ಸುದ್ದಿಯನ್ನು ಮಾಂತ್ರಿಕನಿಗೆ ಮುಟ್ಟಿಸಿದರೆ ಮಗನಿಗೆ ಇನ್ನೊಂದು ತಿಂಗಳ ಜೀವ. ಮೂರು ಸಲ ಹಳಸಿದ ಸುದ್ದಿ ಕೊಟ್ಟು ಇದೇ ನಾಲ್ವರನ್ನು ಕಾಪಾಡಿದ್ದಳು. ನಾಲ್ಕನೆಯ ಸಲ ಆಗಲಿಲ್ಲ. ಅರ್ಧ ಗಂಟೆ ಹೇಳಿದೆ. ಕೊನೆಯ ಏಟು ಹಾಕಿದ್ದ ಗೆಳತಿ ಬಹಳ ಹೊತ್ತು ಸುಮ್ಮನಿದ್ದು, "ಇದು ಮೊದ್ಲೇ ಗೊತ್ತಾಗಿದ್ರೆ ನಾನು ಹೊಡೀತಾನೇ ಇರ್ಲಿಲ್ಲ ಕಣೋ. ಅವಳ ಮಗನ್ನ ಬಿಡಿಸ್ಕೊಂಡು ಬರ್ತಿದ್ವಿ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ನಿಯಮಗಳು ಎಷ್ಟೋ ಸಲ ಬದಲಾಗಿವೆ. ಬದಲಾಗದ್ದು ಒಂದೇ: ಆಟಗಾರ ತಾನೇನು ಮಾಡುತ್ತೇನೆಂದು ಹೇಳುತ್ತಾನೆ, ಅದರಿಂದ ಏನಾಯಿತೆಂದು ಗೇಮ್ ಮಾಸ್ಟರ್ ಹೇಳುತ್ತಾನೆ. ಕೊಲ್ಲುವುದೋ ಕಾಯುವುದೋ ಎಂಬ ಆಯ್ಕೆ ಅವರದ್ದು. ಆಯ್ಕೆಗೆ ಬೇಕಾದ ವಿಷಯವನ್ನೇ ನಾನು ನೋಟ್‌ಬುಕ್ಕಿನಲ್ಲಿ ಬಚ್ಚಿಟ್ಟಿದ್ದೆ.

ಅವರು ಅದನ್ನು ತಿಳಿಯುವ ಬಾಗಿಲನ್ನು ನಾನೇ ಮುಚ್ಚಿದ ಗಳಿಗೆಯೂ ನೆನಪಾಯಿತು. ಆರನೆಯ ತಿಂಗಳಲ್ಲಿ ಒಬ್ಬನಿಗೆ ವೈದ್ಯೆಯ ಮಾತಿನ ಮೇಲೆ ಅನುಮಾನ ಬಂದಿತ್ತು. ಎದುರಿನವರ ಮನಸ್ಸಿನಲ್ಲೇನಿದೆ ಎಂದು ಅಳೆಯಲು ಈ ಆಟದಲ್ಲಿ 'ಇನ್‌ಸೈಟ್' ಎಂಬ ಕೌಶಲವಿದೆ; 20 ಮುಖದ ದಾಳ ಉರುಳಿಸಬೇಕು. ನಾನು ಮನಸ್ಸಿನಲ್ಲಿಟ್ಟ ಗುರಿ 20. ಅವನಿಗೆ ಎಲ್ಲ ಸೇರಿಸಿ 11 ಬಂತು. "ಅವಳು ನಿಜಾನೇ ಹೇಳ್ತಿದ್ದಾಳೆ ಅನ್ಸುತ್ತೆ" ಅಂದುಬಿಟ್ಟೆ. ಅವತ್ತಿನಿಂದ ಯಾರೂ ಅವಳನ್ನು ಅನುಮಾನಿಸಲಿಲ್ಲ. ಈಗ ದಾಳ ಕೈಕೊಟ್ಟರೂ ಕಣ್ಣಿಗೆ ಕಾಣುವುದನ್ನು ಹೇಳಿಯೇ ಹೇಳುತ್ತೇನೆ: "ಯಾಕೆ ಅಂತ ಗೊತ್ತಾಗ್ಲಿಲ್ಲ, ಆದ್ರೆ ಅವಳ ಕೈ ನಡುಗ್ತಿದೆ." ಕಾರಣ ಹುಡುಕುವ ಕೆಲಸ ಅವರಿಗೆ ಉಳಿಯುತ್ತದೆ.

ನಾನು ಬೆಳೆದದ್ದು ಉಡುಪಿ ಕಡೆ, ತಾಳಮದ್ದಳೆ ಕೇಳುತ್ತ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲಿಂದಲೇ, ಬರೆದಿಟ್ಟುಕೊಳ್ಳದೆ, ಪಾತ್ರವಾಗಿ ಮಾತನಾಡುತ್ತಾರೆ. ಕರ್ಣನ ಒಳಗುದಿ ಕೃಷ್ಣ ಕೆದಕಿದಾಗ ಹೊರಬೀಳುತ್ತದೆ. ಎದುರಿನ ಅರ್ಥಧಾರಿ ಸರಿಯಾದ ಪ್ರಶ್ನೆ ಹಾಕದಿದ್ದರೆ ಎಂಥ ಕರ್ಣನೂ ಸಪ್ಪೆ. ಇಷ್ಟು ವರ್ಷ ಕೇಳಿದ್ದರೂ ಅದು ನನ್ನ ಮೇಜಿಗೂ ಸಲ್ಲುವ ಪಾಠ ಎಂದು ಹೊಳೆದಿರಲಿಲ್ಲ. ಪಾತ್ರದ ಒಳಗುಟ್ಟು ಪ್ರಶ್ನೆಗೆ ಸಿಗಬೇಕು. ಪ್ರಶ್ನೆ ಹುಟ್ಟುವ ಹಾಗೆ ಆಡಿಸುವುದು ನನ್ನ ಹೊಣೆ.

ಅದಕ್ಕೆ ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟ ವಿನ್ಯಾಸಕರ ಒಂದು ಸೂತ್ರ ಕೈಹಿಡಿಯಿತು: ಆಟಗಾರರಿಗೆ ಹೊಳೆಯಲೇಬೇಕಾದ ಪ್ರತಿ ವಿಷಯಕ್ಕೂ ಕಡೇಪಕ್ಷ ಮೂರು ಸುಳಿವು ಇಡಬೇಕು. ಒಂದು ಕಣ್ತಪ್ಪುತ್ತದೆ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ದಡ ಸೇರಿಸುತ್ತದೆ. ನಾನೀಗ ಒಂದನ್ನು ವಸ್ತುವಿನಲ್ಲಿ, ಒಂದನ್ನು ನಡತೆಯಲ್ಲಿ, ಒಂದನ್ನು ಬೇರೆಯವರ ಬಾಯಲ್ಲಿ ಇಡುತ್ತೇನೆ. ಆ ವೈದ್ಯೆಯ ಪೆಟ್ಟಿಗೆಯಲ್ಲಿ ಮಗುವಿನ ಅಂಗಿಯೊಂದಿರಬಹುದಿತ್ತು. ಅಮಾವಾಸ್ಯೆಯ ರಾತ್ರಿ ಆಕೆ ಹಾಸಿಗೆಯಲ್ಲಿ ಇಲ್ಲದಿರಬಹುದಿತ್ತು. ಕಾವಲಿನವನೊಬ್ಬ "ಹುಡುಗ ಹೇಗಿದ್ದಾನಮ್ಮ?" ಎಂದು ಕೇಳಬಹುದಿತ್ತು.

ಕಾರಣ ಪಾತ್ರದ ಕೈಕಾಲು ಆಡಿಸಬೇಕು ಎಂಬುದನ್ನು ಕಲಿಸಿದ್ದು 1983ರ 'ರೇವನ್‌ಲಾಫ್ಟ್'. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ ಈ ಸಾಹಸದಲ್ಲಿ, ರಕ್ತಪಿಶಾಚಿ ಸ್ಟ್ರಾಡ್‌ಗೆ ಈ ಸಲ ಏನು ಬೇಕೆಂಬುದನ್ನು ಇಸ್ಪೀಟೆಲೆ ತಿರುವಿ ನಿರ್ಧರಿಸುತ್ತಾರೆ. ಎಲೆ ಬದಲಾದರೆ ಅವನ ಹಂಚಿಕೆಯೂ ಬದಲು. ಅದನ್ನು ಓದಿದ ಮೇಲೆ ಪುಟಗಟ್ಟಲೆ ಪೂರ್ವಕಥೆ ಬರೆಯುವುದನ್ನು ಬಿಟ್ಟೆ. ಪ್ರತಿ ಪಾತ್ರಕ್ಕೂ ಎರಡೇ ಸಾಲು: ಇವನಿಗೆ ಏನು ಬೇಕು, ಅದಕ್ಕಾಗಿ ಇವತ್ತು ಏನು ಮಾಡುತ್ತಾನೆ. ಎರಡನೆಯ ಸಾಲು ಬರೆಯಲಾಗದಿದ್ದರೆ ಮೊದಲನೆಯದು ಇನ್ನೂ ಸರಿಯಾಗಿಲ್ಲ ಎಂದೇ ಅರ್ಥ.

ಈಚೆಗೆ ಹೊಸ ಕಥೆ ಶುರುಮಾಡಿದೆವು. ಸೇತುವೆಯ ಬಳಿ ಸುಂಕದವನೊಬ್ಬ ಇವರನ್ನು ತಡೆದು ದುಪ್ಪಟ್ಟು ಹಣ ಕೇಳಿದ. ಅವನ ಚಪ್ಪಲಿ ಹರಿದಿದೆ, ಗುಡಿಸಲಿನಲ್ಲಿ ಎರಡು ಬಟ್ಟಲು ಗಂಜಿ ಆರುತ್ತಿದೆ ಎಂದಷ್ಟೇ ಹೇಳಿದೆ. ಒಬ್ಬ ಕತ್ತಿ ಎಳೆಯುತ್ತೇನೆ ಅಂದ. ವೈದ್ಯೆಯನ್ನು ಕೊಂದಿದ್ದ ಅದೇ ಗೆಳತಿ ಅವನ ಕೈ ತಡೆದು, ಸುಂಕದವನ ಕಡೆ ತಿರುಗಿದ ಹಾಗೆ ನನ್ನತ್ತ ತಿರುಗಿ ಕೇಳಿದಳು: "ಇನ್ನೊಂದು ಬಟ್ಟಲು ಯಾರಿಗೆ?"

ನಾನು ನೋಟ್‌ಬುಕ್ ಮುಚ್ಚಿ, ಸುಂಕದವನ ದನಿಯಲ್ಲಿ ಉತ್ತರ ಹೇಳತೊಡಗಿದೆ.