ಹಳೆಯ ಗಣಕಯಂತ್ರದಲ್ಲಿ ಉಳಿದ ಕನ್ನಡ



ನಲವತ್ತು ದಾಟಿದವರು ನಾಲ್ಕು ಜನ ಒಂದೆಡೆ ಕುಳಿತರೆ ಮಾತು ಬೇಗನೆ ಹಳೆಯ ದಿನಗಳ ಕಡೆಗೆ ಹೊರಳುತ್ತದೆ. ನಮ್ಮ ಹಿರಿಯರಿಗೆ ಆ ಮಾತು ಎತ್ತಿನ ಚಕ್ಕಡಿ, ಹಗೇವು, ರೇಡಿಯೋ ಇವುಗಳದಾಗಿತ್ತು. ಈಗ ಆ ಸಾಲಿಗೆ ಗಣಕಯಂತ್ರವೂ ಬಂದು ಸೇರಿದೆ. ಹಾಲುಬಣ್ಣದ ದಪ್ಪ ಪೆಟ್ಟಿಗೆ, ಧೂಳು ಬೀಳದಂತೆ ಅದಕ್ಕೆ ಹೊದಿಸುತ್ತಿದ್ದ ಪ್ಲಾಸ್ಟಿಕ್ ಕವರು, ಆ ಕೋಣೆಯ ಹೊರಗೆ ಭಕ್ತಿಯಿಂದ ಕಳಚಿಡುತ್ತಿದ್ದ ಚಪ್ಪಲಿಗಳು, ದೂರವಾಣಿ ತಂತಿಯಲ್ಲಿ ಕಿರುಗುಟ್ಟಿ ಕೂಗುತ್ತಿದ್ದ ಮೋಡೆಮ್ ಇವೆಲ್ಲವನ್ನೂ ನೆನೆದು ನಗುವವರಿದ್ದಾರೆ, ನಿಟ್ಟುಸಿರು ಬಿಡುವವರೂ ಇದ್ದಾರೆ. 'ಆಗಿನ ಕಾಲವೇ ಚೆನ್ನಾಗಿತ್ತು' ಎಂಬ ಈ ಹಂಬಲವನ್ನು ನಾವು ಹೇಗೆ ತಿಳಿದುಕೊಳ್ಳಬೇಕು?

ಈ ಹಂಬಲಕ್ಕೆ ಪಶ್ಚಿಮದವರು ಇಟ್ಟ ಹೆಸರು ನಾಸ್ಟಾಲ್ಜಿಯ. 1688ರಲ್ಲಿ ಬಾಸೆಲ್ ನಗರದ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಗ್ರೀಕ್ ಭಾಷೆಯ ಎರಡು ಪದಗಳನ್ನು ಜೋಡಿಸಿ ಈ ಶಬ್ದವನ್ನು ಕಟ್ಟಿದ. ಒಂದರ ಅರ್ಥ ಮನೆಗೆ ಮರಳುವುದು, ಇನ್ನೊಂದರ ಅರ್ಥ ನೋವು. ಊರು ಬಿಟ್ಟು ದೂರ ಹೋದವರನ್ನು ಕಾಡುವ ರೋಗವೆಂದೇ ಅವನು ಇದನ್ನು ಎಣಿಸಿದ್ದ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ತವರಿನ ಹಂಬಲ. ಆದರೆ ಒಂದು ವ್ಯತ್ಯಾಸವಿದೆ. ಸವದತ್ತಿಯಿಂದ ರಾಮದುರ್ಗಕ್ಕೆ ಕೊಟ್ಟ ಹೆಣ್ಣುಮಗಳು ಹಬ್ಬಕ್ಕೆ ಬಸ್ಸು ಹತ್ತಿ ತವರಿಗೆ ಹೋಗಿ ಬರಬಹುದು. ಕಳೆದ ಕಾಲದ ಊರಿಗೆ ಬಸ್ಸಿಲ್ಲ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮನೆಗಳಲ್ಲಿ ಗಣಕಯಂತ್ರ ಕಂಡದ್ದು ತಡವಾಗಿ. ಸರ್ಕಾರವು 1984-85ರಲ್ಲಿ ಶಾಲೆಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟನ್ನಿನ ಯಂತ್ರಗಳು ಬಂದವು. ಅದರ ನೆನಪಿನ ಶಕ್ತಿ 32 ಕಿಲೋಬೈಟ್. ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಫೋಟೋ ಹಿಡಿಸಬೇಕಾದರೆ ಅಂಥ 96 ಯಂತ್ರಗಳನ್ನು ಸಾಲಾಗಿ ಇಡಬೇಕಾದೀತು! 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದಾಗಲೂ ಅದು ಮೊದಲು ದಕ್ಕಿದ್ದು ಮಹಾನಗರಗಳಿಗೆ. ನಮ್ಮ ಜನರಿಗೆ ಗಣಕಯಂತ್ರವೆಂದರೆ ಪೇಟೆಯ ಟೈಪಿಂಗ್ ಕ್ಲಾಸು, ಡಿಟಿಪಿ ಅಂಗಡಿ, ಆಮೇಲೆ ಬಂದ ಸೈಬರ್ ಕೆಫೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಅಂತರಜಾಲದಲ್ಲಿ ಬರತೊಡಗಿದ ಹೊಸತರಲ್ಲಿ ಆ ಕೆಫೆಗಳ ಮುಂದೆ ನೆರೆಯುತ್ತಿದ್ದ ಗುಂಪು ಅನೇಕರಿಗೆ ನೆನಪಿರಬಹುದು. ಒಬ್ಬ ಹುಡುಗನ ನಂಬರು ಹಾಕಿದರೆ ಅವನ ಅಪ್ಪ, ಕಾಕಾ, ಓಣಿಯ ಗೆಳೆಯರು ಎಲ್ಲರೂ ಕುತ್ತಿಗೆ ಚಾಚಿ ನಿಲ್ಲುತ್ತಿದ್ದರು. ಪುಟ ಮೇಲಿನಿಂದ ಕೆಳಗೆ ಒಂದೊಂದೇ ಗೆರೆಯಾಗಿ ಇಳಿದು ಬರುವಷ್ಟರಲ್ಲಿ ಕರೆಂಟು ಹೋದರೆ ಆ ಹುಡುಗನ ಗತಿ ದೇವರೇ ಬಲ್ಲ. ಹಾಗಾದರೆ ಇಂದು ನಾವು ಹಂಬಲಿಸುವುದು ಯಾವುದಕ್ಕೆ? 56 ಕೆ ಮೋಡೆಮಿನ ನಿಧಾನಕ್ಕಂತೂ ಅಲ್ಲ. ಒಂದೇ ಪರದೆಯ ಮುಂದೆ ಹತ್ತು ಜನ ನಿಂತಿದ್ದರಲ್ಲ, ಅದಕ್ಕೆ. ಈಗ ಒಂದೇ ಪಡಸಾಲೆಯಲ್ಲಿ ಐದು ಜನ ಐದು ಪರದೆ ಹಿಡಿದು ಕುಳಿತಿರುತ್ತಾರೆ. ಹಾಗೆಂದು ಆ ಕಾಲವನ್ನು ಬಂಗಾರವೆಂದು ಬಣ್ಣಿಸುವುದೂ ಸರಿಯಲ್ಲ. ಪರದೆ ಕಟ್ಟಿದ ಕೆಫೆ ಕೋಣೆಗಳಲ್ಲಿ ಮಕ್ಕಳು ಏನು ನೋಡುತ್ತಾರೋ ಎಂದು ತಂದೆತಾಯಿಗಳು ಚಿಂತಿಸಿದ್ದು ಆಗಲೇ. ಹಣವಿದ್ದವರಿಗೆ ಮಾತ್ರ ಯಂತ್ರ ಎಂಬ ಅಂತರವೂ ಆಗ ಇನ್ನೂ ದೊಡ್ಡದಾಗಿತ್ತು.

ಆದರೆ ಆ ಕಾಲದ ಒಂದು ಗುಣ ಮಾತ್ರ ಹಂಬಲಿಸಲು ಯೋಗ್ಯವಾದದ್ದು ಎಂದು ನನಗೆ ತೋರುತ್ತದೆ. ಅಂದು ಯಂತ್ರದ ಮುಂದೆ ಕುಳಿತವರಲ್ಲಿ ಬಹಳ ಜನ ಏನನ್ನಾದರೂ ತಾವೇ ಮಾಡಿದರು, ಮಾಡಿದ್ದನ್ನು ಹಂಚಿದರು. ಟಿಮ್ ಬರ್ನರ್ಸ್ ಲೀ ರೂಪಿಸಿದ ವಿಶ್ವವ್ಯಾಪಿ ಜಾಲವನ್ನು ಸೆರ್ನ್ ಸಂಸ್ಥೆಯು 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ಕನ್ನಡದ ಮಟ್ಟಿಗೂ ಇದು ನಿಜ. ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಅಕ್ಷರಮಾಲೆಯನ್ನು ಕೂರಿಸುವ ವಿನ್ಯಾಸವನ್ನು ಮಾಡಿ ಎಲ್ಲರ ಬಳಕೆಗೆ ಬಿಟ್ಟರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ಎ, ಕೆ, ಎಫ್, ಕೆ ಎಂದು ಒತ್ತಿದರೆ 'ಅಕ್ಕ' ಮೂಡುತ್ತದೆ. ಒತ್ತಕ್ಷರಕ್ಕೆ ಎಫ್ ಒತ್ತಬೇಕೆಂದು ಇಂದಿಗೂ ಬೆರಳುಗಳಿಗೇ ಗೊತ್ತಿರುವವರು ನಮ್ಮ ಊರುಗಳಲ್ಲಿದ್ದಾರೆ. 1996ರಲ್ಲಿ ಪವನಜ ಅವರು 'ವಿಶ್ವಕನ್ನಡ'ವನ್ನು ಅಂತರಜಾಲಕ್ಕೆ ತಂದರು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು ತಾವೇ ಬರೆದ 'ಬರಹ' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ ಶ್ರಮದಿಂದ 'ನುಡಿ' ಬಂದು ಸರ್ಕಾರಿ ಕಚೇರಿಯ ಮೇಜನ್ನೂ ತಲುಪಿತು.

ಧರ್ಮಸಭೆಯೂ ಈ ಕೆಲಸದಲ್ಲಿ ಹಿಂದೆ ಉಳಿಯಲಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ವ್ಯಾಟಿಕನ್ ತನ್ನ ಜಾಲತಾಣವನ್ನು ತೆರೆದದ್ದು 1995ರ ಕ್ರಿಸ್ಮಸ್ ದಿನ. ಅದರ ಹೊಣೆ ಹೊತ್ತವರು ಫ್ರಾನ್ಸಿಸ್ಕನ್ ಸಭೆಯ ಭಗಿನಿ ಜೂಡಿತ್ ಜೋಬೆಲೈನ್. ಅದನ್ನು ನಡೆಸುತ್ತಿದ್ದ ಮೂರು ಯಂತ್ರಗಳಿಗೆ ಮಿಕಾಯೇಲ, ಗಬ್ರಿಯೇಲ, ರಫಾಯೇಲ ಎಂದು ಪ್ರಧಾನ ದೂತರ ಹೆಸರು! ಇನ್ನು 1991ರಲ್ಲಿ ಹುಟ್ಟಿ 2006ರಲ್ಲಿ ಹದಿನೈದನೆಯ ವಯಸ್ಸಿಗೇ ತೀರಿಕೊಂಡ ಕಾರ್ಲೊ ಅಕುಟಿಸ್, ಪ್ರೋಗ್ರಾಮಿಂಗನ್ನು ತಾನೇ ಕಲಿತು ಪರಮಪ್ರಸಾದದ ಅದ್ಭುತಗಳ ವಿವರವನ್ನು ಕಲೆಹಾಕಿ ಜಾಲತಾಣಕ್ಕೆ ಏರಿಸಿದ ಹುಡುಗ. 2025ರ ಸೆಪ್ಟೆಂಬರ್ 7ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಅವನನ್ನು ಸಂತನೆಂದು ಸಾರಿದರು. ವಿಡಿಯೋ ಆಟಕ್ಕೆ ಆ ಹುಡುಗ ತನಗೆ ತಾನೇ ಹಾಕಿಕೊಂಡ ಮಿತಿ ವಾರಕ್ಕೆ ಒಂದು ತಾಸು. ಇದನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಓದಿಕೊಂಡರೆ ಒಳ್ಳೆಯದು.

ಹೀಗೆ ಮಾಡಿದ್ದೆಲ್ಲ ಈಗ ಎಲ್ಲಿದೆ? ಸಾಮಾನ್ಯ ಜನ ತಮ್ಮ ಸ್ವಂತ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ನಮ್ಮ ಹುಡುಗರು ಹಗಲಿರುಳು ಮುಳುಗಿರುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಂತರಜಾಲದಲ್ಲಿ ಇಟ್ಟದ್ದು ಶಾಶ್ವತ ಎಂಬ ಮಾತು ನಿಜವಲ್ಲ. ಅದು ಬಾಡಿಗೆ ಮನೆ. ಮನೆಯ ಯಜಮಾನ ಬಾಗಿಲು ಹಾಕಿದರೆ ನಮ್ಮ ಸಾಮಾನು ಹೊರಗೆ.

ಇಷ್ಟೇ ಅಲ್ಲ. ಕನ್ನಡಿಗರಾದ ನಮಗೆ ಇನ್ನೊಂದು ವಿಶೇಷ ತೊಂದರೆ ಇದೆ, ಈ ಲೇಖನವನ್ನು ಬರೆಯಲು ಕಾರಣವೂ ಅದೇ. ಅಂದಿನ ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ, ಆಕೃತಿ, ನುಡಿ, ಬರಹಗಳಲ್ಲಿ ಟೈಪು ಮಾಡಿದ್ದನ್ನು ಯಂತ್ರವು ಕನ್ನಡವೆಂದು ತಿಳಿದಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು ಮಾತ್ರ. ಫಾಂಟ್ ಎಂಬುದು ಆ ಸಂಖ್ಯೆಗಳ ಮೇಲೆ ಕನ್ನಡದ ಆಕಾರವನ್ನು ಬಿಡಿಸಿ ತೋರಿಸುತ್ತಿತ್ತು. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ, ನುಡಿಯಲ್ಲಿ 'ಕನ್ನಡ' ಎಂದು ಬರೆದದ್ದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟುಳ್ಳ ಎ, ಪೌಂಡ್ ಹಣದ ಗುರುತು ಎಂದು ಹರಕುಮುರುಕಾಗಿ ಕಾಣುತ್ತದೆ. ಶ್ರೀಲಿಪಿಯ ಲೆಕ್ಕ ಬೇರೆ, ಆಕೃತಿಯ ಲೆಕ್ಕ ಬೇರೆ. ಲೋಕದ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸ್ವಂತ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಫಾಂಟ್ ಬರುವ ತನಕ ಅದು ನಮ್ಮ ಮೇಜಿಗೆ ಇಳಿಯಲಿಲ್ಲ. ಆಮೇಲೂ ಅನೇಕ ವರ್ಷ ಅಂಗಡಿಗಳಲ್ಲಿ ಹಳೆಯ ಪದ್ಧತಿಯೇ ನಡೆಯಿತು.

ಕೆಲವು ತಿಂಗಳ ಹಿಂದೆ ನನಗೆ ಪರಿಚಯದ ಒಂದು ಕುಟುಂಬದಲ್ಲಿ ಹೀಗಾಯಿತು. ನಿವೃತ್ತ ಶಿಕ್ಷಕರಾಗಿದ್ದ ಮನೆಯ ಹಿರಿಯರು ತೀರಿಕೊಂಡಿದ್ದರು. ತಮ್ಮ ಮನೆತನ ಯಾವ ಬರಗಾಲದಲ್ಲಿ ಎಲ್ಲಿಂದ ಬಂತು, ತಾಯಿ ಬೀಸುವಾಗ ಹಾಡುತ್ತಿದ್ದ ಹಾಡುಗಳು ಯಾವುವು, ಯಾರ ಸಾಲ ಯಾರು ತೀರಿಸಿದರು ಎಂಬುದನ್ನೆಲ್ಲ ಅವರು ನಿವೃತ್ತಿಯ ನಂತರ ಕುಳಿತು ಟೈಪು ಮಾಡಿದ್ದರು. ಮಕ್ಕಳು ಸಿ.ಡಿ. ಹಾಕಿ ನೋಡಿದಾಗ ಕಂಡದ್ದು ಆ ಹರಕುಮುರುಕು ಗುರುತುಗಳು. ಕೆಟ್ಟುಹೋಗಿದೆ ಎಂದು ಕಸಕ್ಕೆ ಹಾಕಲು ಮಗ ಹೊರಟಿದ್ದ. ಮಗಳಿಗೆ ಮನಸ್ಸು ಬರಲಿಲ್ಲ. ಪೇಟೆಯಲ್ಲಿ ಲಗ್ನಪತ್ರ ಮಾಡುವ ಹಳೆಯ ಅಂಗಡಿಗೆ ಒಯ್ದಳು. ಅಂಗಡಿಯಾತ ಒಮ್ಮೆ ನೋಡಿ, "ಅಕ್ಕಾರ, ಇದು ಕೆಟ್ಟಿಲ್ರಿ. ಇದರ ಅಂಗಿ ಕಳದೈತಿ, ಅಷ್ಟ" ಎಂದ. "ಹಂಗಂದ್ರ ಅಪ್ಪಾ ಬರದದ್ದು ಒಳಗ ಐತೇನಣ್ಣಾ?" ಎಂದು ಅವಳು ಕೇಳಿದಳು. ಅವನು ತನ್ನ ಹಳೆಯ ಯಂತ್ರದಿಂದ ಫಾಂಟ್ ತಂದು ಹಾಕಿದ ಕೂಡಲೇ ತಂದೆಯ ಮಾತು ಪರದೆಯ ಮೇಲೆ ಬಂದು ನಿಂತಿತು. ಮೊದಲ ಸಾಲಿನಲ್ಲೇ ಮಗಳ ಹೆಸರಿತ್ತಂತೆ.

ನಮ್ಮ ದೇವಾಲಯಗಳ ಜ್ಞಾನಸ್ನಾನ, ವಿವಾಹ ಪುಸ್ತಕಗಳನ್ನು ನೋಡಿರಿ. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿದಂತೆ ಗುರುಗಳು ಶಾಯಿಯಲ್ಲಿ ಬರೆದಿಡುತ್ತ ಬಂದ ಈ ಪುಸ್ತಕಗಳನ್ನು ನೂರು ವರ್ಷದ ಮೇಲೂ ಕಣ್ಣಿದ್ದವರು ಓದಬಹುದು. ಇಪ್ಪತ್ತು ವರ್ಷದ ಹಿಂದೆ ಗಣಕದಲ್ಲಿ ಮಾಡಿದ ಧರ್ಮಕೇಂದ್ರದ ಹಬ್ಬದ ಸಂಚಿಕೆಯನ್ನು ಓದಲಾರೆವು. ಸವದತ್ತಿಯ ಜಾತ್ರೆಯ ಕರಪತ್ರ, ಕಿತ್ತೂರು ಉತ್ಸವದ ಆಮಂತ್ರಣ, ಪುಣ್ಯಸ್ಮರಣೆಯ ಚೀಟಿ, ಸಂಘದ ಹೊತ್ತಿಗೆ ಇವೆಲ್ಲ ಅಂಥ ಅಂಗಡಿಗಳಲ್ಲಿ ಹುಟ್ಟಿದವು. ಒಂದು ಕಾಲದ ಈ ಊರುಗಳ ಬದುಕು ಅದರಲ್ಲಿದೆ. ಅದನ್ನು ಟೈಪು ಮಾಡಿದವರು ಈಗ ಐವತ್ತು, ಅರವತ್ತರ ಪ್ರಾಯದವರು. ಯಾವ ಕಡತ ಯಾವ ಫಾಂಟಿನದು ಎಂದು ನೋಡಿದ ಮಾತ್ರಕ್ಕೆ ಹೇಳಬಲ್ಲವರು ಅವರೇ. ಆ ಅಂಗಡಿಗಳು ಒಂದೊಂದಾಗಿ ಮೊಬೈಲ್ ರಿಪೇರಿ ಅಂಗಡಿಗಳಾಗುತ್ತಿವೆ.

ಆದುದರಿಂದ ನಾಸ್ಟಾಲ್ಜಿಯ ಬಂದಾಗ ನಿಟ್ಟುಸಿರು ಬಿಡುವ ಬದಲು ಅಟ್ಟ ಹತ್ತುವುದು ಮೇಲು. ಹಳೆಯ ಫ್ಲಾಪಿ, ಸಿ.ಡಿ. ಸಿಕ್ಕರೆ ಮೊದಲು ಬೂಷ್ಟು ಹಿಡಿದಿದೆಯೋ ನೋಡಿ. ಬೂಷ್ಟು ಇದ್ದರೆ ಒರಸದೆ ಯಂತ್ರಕ್ಕೆ ತುರುಕಬೇಡಿ. ಮೂರೂವರೆ ಇಂಚಿನ ಫ್ಲಾಪಿ ಓದುವ, ಯುಎಸ್‌ಬಿಗೆ ಚುಚ್ಚುವ ಸಣ್ಣ ಸಾಧನಗಳು ಇಂದಿಗೂ ದೊರೆಯುತ್ತವೆ. ಐದೂಕಾಲು ಇಂಚಿನ ದೊಡ್ಡ ಫ್ಲಾಪಿ ಅದರಲ್ಲಿ ಹೋಗದು, ಅದಕ್ಕೆ ಹಳೆಯ ಯಂತ್ರವೇ ಬೇಕು. ಒಳಗಿರುವುದನ್ನು ಮೊದಲು ಹಾಗೆಯೇ ಪ್ರತಿ ಮಾಡಿಕೊಳ್ಳಿ, ತಿದ್ದುವುದು ಆಮೇಲೆ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಮನೆಯ ಕಾಲೇಜು ಹುಡುಗ ಹುಡುಗಿಯರಿಗೆ ಇದು ಒಂದು ಸಂಜೆಯ ಕೆಲಸ. ಆದರೆ ಆ ತಂತ್ರಾಂಶ ಮಾಡಿದ್ದನ್ನೇ ನಂಬಬೇಡಿ. ಅರ್ಕಾವತ್ತುಗಳು ತಪ್ಪುವುದುಂಟು. ಕನ್ನಡದ ನಡುವೆ ಬರೆದ ಇಂಗ್ಲಿಷ್ ಹೆಸರುಗಳನ್ನು ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಅಲ್ಲಿ ಮಾತ್ರ ಅಜ್ಜ ಅಜ್ಜಿಯರೇ ಬೇಕು. ಮೊಮ್ಮಗಳು ಪರದೆಯ ಮೇಲಿನದನ್ನು ಓದಲಿ, ಅಜ್ಜಿ ಹೆಸರುಗಳನ್ನು ಸರಿಪಡಿಸಲಿ. ಒಂದೇ ಪರದೆಯ ಮುಂದೆ ಮನೆಮಂದಿ ಮತ್ತೆ ಸೇರಲು ಇದಕ್ಕಿಂತ ಒಳ್ಳೆಯ ನೆವ ಸಿಗಲಾರದು.

ಕೆಲಸ ಮುಗಿದ ಮೇಲೆ ಒಂದು ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿಟ್ಟುಕೊಳ್ಳಿ. ಡಿಟಿಪಿ ಅಂಗಡಿಯವರ ಸಹಾಯ ಬೇಕಾದರೆ ಲಗ್ನದ ಹಂಗಾಮಿನಲ್ಲಿ ಹೋಗಬೇಡಿ, ಮಳೆಗಾಲದಲ್ಲಿ ಅವರಿಗೆ ಬಿಡುವು ಇರುತ್ತದೆ. ಫ್ಲಾಪಿಯ ಮೇಲೆ ಅಂಟಿಸಿದ ಚೀಟಿಯನ್ನಂತೂ ಕೀಳಬೇಡಿ. ಯಾವ ಫಾಂಟ್ ಎಂದು ಅಲ್ಲಿ ಪೆನ್ನಿನಲ್ಲಿ ಬರೆದಿರುವುದುಂಟು.