ಗಣವಿಭಾಗವೂ ಗಣಕಯಂತ್ರವೂ

ಬೀದರ, ಭಾಲ್ಕಿ, ಔರಾದ ಈ ಮೂರೂ ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ ಜಿಲ್ಲೆಯ ಊರುಗಳು. ಛಂದಸ್ಸನ್ನು ಅಭ್ಯಾಸಮಾಡಿದ ವಿದ್ಯಾರ್ಥಿಯು ಈ ಹೆಸರುಗಳಿಗೆ ಪ್ರಸ್ತಾರ ಹಾಕಿ ನೋಡಿದರೆ ಒಂದು ಸೊಗಸು ಕಾಣುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬೀದರ ಎಂಬಲ್ಲಿ 2, 1, 1, ಅಂದರೆ ನಾಲ್ಕು ಮಾತ್ರೆ. ಭಾಲ್ಕಿ ಎಂಬಲ್ಲಿ 2, 1, ಅಂದರೆ ಮೂರು. ಔರಾದ ಎಂಬಲ್ಲಿ 2, 2, 1, ಅಂದರೆ ಐದು. ಕನ್ನಡದ ಮೂರು ಬಗೆಯ ಮಾತ್ರಾಗಣಗಳೂ ಒಂದೇ ಜಿಲ್ಲೆಯ ಮೂರು ಊರುಗಳಲ್ಲಿ ದೊರೆತಂತಾಯಿತು! (ಕೆಲವರು ಬರೆಯುವಂತೆ ಔರಾದ್ ಎಂದು ಬರೆದರೆ ಒಂದು ಮಾತ್ರೆ ಕಡಿಮೆಯಾಗಿ ನಾಲ್ಕೇ ಉಳಿಯುವುದು.)

ಈ ನೆಲದಲ್ಲಿ ಕನ್ನಡದ ಅಕ್ಷರವನ್ನು ಎಣಿಸಿ ಕಲಿಯುವುದು ಎಲ್ಲ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತದ ಹಾಗೂ ಶಿಕ್ಷಣದ ಭಾಷೆಯಾಗಿದ್ದಾಗ, ಕಮಲನಗರದಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಅಧಿಪತಿಗಳಾದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಇಂದು ಅದೇ ಅಕ್ಷರಗಳನ್ನು ಗಣಕಯಂತ್ರಕ್ಕೂ ಕಲಿಸಬೇಕಾಗಿದೆ.

ಮೇಲಿನ ಮೂರು ಹೆಸರುಗಳ ಮಾತ್ರೆಗಳನ್ನು ಒಂದರ ಮುಂದೊಂದು ಇಟ್ಟರೆ 2, 1, 1, 2, 1, 2, 2, 1 ಎಂಬ ಅನುಕ್ರಮವಾಗುತ್ತದೆ. ಇದನ್ನು [[2, 1, 1], [2, 1], [2, 2, 1]] ಎಂದು ಬರೆದಾಗ ಪಟ್ಟಿಯೊಳಗೆ ಪಟ್ಟಿಗಳು ಹುಟ್ಟುತ್ತವೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇಂತಹ ಪಟ್ಟಿಗೆ 'ಅರೇ' ಎನ್ನುವರು. 1991ರಲ್ಲಿ ಹೊರಬಂದ ಪೈತಾನ್ ಭಾಷೆಯಲ್ಲಿ 'ಲಿಸ್ಟ್' ಎಂದು ಹೆಸರು. ಗಣವಿಭಾಗವೆಂದು ಕನ್ನಡದ ಲಾಕ್ಷಣಿಕರು ಕರೆದುದು ಇದೇ ಕೆಲಸವನ್ನು. ನಾಗವರ್ಮನು 'ಛಂದೋಂಬುಧಿ'ಯನ್ನು ಬರೆದುದು ಹತ್ತನೆಯ ಶತಮಾನದಲ್ಲಿ ಎಂಬುದನ್ನು ನೆನೆದರೆ ಈ ವಿದ್ಯೆಯ ಹಿರಿತನ ತಿಳಿಯುತ್ತದೆ.

ಮನುಷ್ಯನ ಕಣ್ಣಿಗೆ ಭಾಲ್ಕಿ ಎಂಬುದು ಎರಡು ಅಕ್ಷರ. ಯಂತ್ರದ ಸ್ಮೃತಿಯಲ್ಲಿ ಅದು ಆರು ಸಂಕೇತಗಳಾಗಿರುತ್ತದೆ: ಭಕಾರ, ಆಕಾರದ ದೀರ್ಘ, ಲಕಾರ, ವಿರಾಮಚಿಹ್ನೆ, ಕಕಾರ, ಇಕಾರದ ಗುಡಿಸು. ಆದುದರಿಂದ ಮೊದಲ ವಿಭಾಗವು ಅಕ್ಷರಗಳದೇ ಆಗಬೇಕು. ಸ್ವರಚಿಹ್ನೆ, ವಿರಾಮಚಿಹ್ನೆಗಳು ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳಬೇಕು. ವಿರಾಮಚಿಹ್ನೆಯ ಮುಂದೆ ಬಂದ ವ್ಯಂಜನವು ಅದೇ ಅಕ್ಷರದ ಒತ್ತಾಗಬೇಕು. ಬಳಿಕ ಒಂದೊಂದು ಅಕ್ಷರಕ್ಕೂ ಮಾತ್ರೆ ಹಾಕಬೇಕು. ಇಲ್ಲಿ ಯಂತ್ರವು ಕೈಯಲ್ಲಿರುವ ಅಕ್ಷರವನ್ನಷ್ಟೇ ನೋಡಿದರೆ ಸಾಲದು. ಕಲ್ಯಾಣ ಎಂಬ ಪದದಲ್ಲಿ ಕಕಾರವು ತಾನಾಗಿ ಲಘು. ಆದರೆ ಮುಂದೆ ಒತ್ತಕ್ಷರವಿರುವುದರಿಂದ ಗುರು. ಮುಂದಕ್ಕೆ ಕಣ್ಣು ಹಾಯಿಸದ ಯಂತ್ರವು ಐದು ಮಾತ್ರೆಗಳ ಆ ಪದವನ್ನು ನಾಲ್ಕೆಂದು ಎಣಿಸಿ, ಅಲ್ಲಿಂದಾಚೆಗೆ ಇಡೀ ಪದ್ಯವನ್ನೇ ಕೆಡಿಸುತ್ತದೆ.

ಗಣ ಮಾಡುವ ಕ್ರಮ ಸರಳವಾದುದು. ಬರಿದಾದ ಒಂದು ದೊಡ್ಡ ಪಟ್ಟಿ, ಬರಿದಾದ ಒಂದು ಒಳಪಟ್ಟಿ ಇರಲಿ. ಮಾತ್ರೆಗಳನ್ನು ಒಂದೊಂದಾಗಿ ಒಳಪಟ್ಟಿಗೆ ಸೇರಿಸುತ್ತ ಮೊತ್ತವನ್ನು ನೋಡುತ್ತಿರಬೇಕು. ಮೊತ್ತವು ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟಿದೊಡನೆ ಒಳಪಟ್ಟಿಯನ್ನು ದೊಡ್ಡ ಪಟ್ಟಿಯೊಳಗೆ ಇರಿಸಿ, ಹೊಸದೊಂದು ಒಳಪಟ್ಟಿಯನ್ನು ತೆರೆಯಬೇಕು. ಹೊಸದು ಎಂಬ ಮಾತು ಇಲ್ಲಿ ಮುಖ್ಯ. ಪೈತಾನ್ ಭಾಷೆಯಲ್ಲಿ ಹಳೆಯದನ್ನೇ ಬರಿದುಮಾಡಿ ಬಳಸಿದರೆ, ದೊಡ್ಡ ಪಟ್ಟಿಯೊಳಗೆ ಇರಿಸಿದ್ದೂ ಅದೇ ಆದುದರಿಂದ, ಅಲ್ಲಿನ ಗಣವೂ ಬರಿದಾಗುತ್ತದೆ. ಒಂದೇ ಚೀಲವನ್ನು ಹೊಲದಲ್ಲಿ ತುಂಬಿ ಲೆಕ್ಕಕ್ಕೆ ಬರೆಸಿ, ಅದನ್ನೇ ಸುರಿದು ಮತ್ತೆ ತುಂಬಿದಂತೆ!

ಮೇಲಿನ ಅನುಕ್ರಮವನ್ನು ಮೂರು ಮಾತ್ರೆಗಳಂತೆ ಒಡೆದರೆ [[2, 1], [1, 2], [1, 2], [2, 1]] ಎಂದು ಶೇಷವಿಲ್ಲದೆ ಭಾಗವಾಗುತ್ತದೆ. ಊರುಗಳ ಗಡಿಗಳು ಅಳಿಸಿಹೋದವು; ಗಣವು ಪದದ ಗಡಿಯನ್ನು ಗಣಿಸುವುದಿಲ್ಲ. ಆದರೆ ನಡುವಣ ಎರಡು ಗಣಗಳು ಲಘುವಿನ ಮುಂದೆ ಗುರುವುಳ್ಳವು. ಇಂತಹ ಗಣವನ್ನು ಕನ್ನಡದ ಮಾತ್ರಾವೃತ್ತಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಲೆಕ್ಕಕ್ಕೆ ಸರಿ, ಕಿವಿಗೆ ಸರಿಯಲ್ಲ. ಯಂತ್ರಕ್ಕೆ ಅದನ್ನು ಬೇರೆಯಾಗಿ ಹೇಳಿಕೊಡಬೇಕು. ನಾಲ್ಕರಂತೆ ಒಡೆಯಹೊರಟರೆ ಎರಡನೆಯ ಗಣದಲ್ಲಿಯೇ ತೊಡಕು. 2, 1 ಸೇರಿ ಮೂರಾದಾಗ ಮುಂದಿನ ಗುರುವು ಮೊತ್ತವನ್ನು ಐದಕ್ಕೆ ಒಯ್ಯುತ್ತದೆ. ಗುರುವನ್ನು ಸೀಳಲು ಬಾರದು. ಅಲ್ಲಿ ಯಂತ್ರವು ನಿಂತು ತಪ್ಪನ್ನು ತಿಳಿಸಬೇಕೇ ಹೊರತು ಮೌನವಾಗಿ ಮುಂದುವರಿಯಕೂಡದು.

ಕುಮಾರವ್ಯಾಸನು ಬಳಸಿದ ಭಾಮಿನಿ ಷಟ್ಪದಿಗೆ ಒಂದೇ ಸಂಖ್ಯೆ ಸಾಲದು. 3, 4, 3, 4 ಎಂಬ ಅಳತೆಗಳ ಪಟ್ಟಿಯನ್ನೇ ಕೊಡಬೇಕು. 1, 2, 4, 5ನೆಯ ಪಾದಗಳಲ್ಲಿ ಹದಿನಾಲ್ಕು ಮಾತ್ರೆಗಳು. 3 ಮತ್ತು 6ನೆಯವುಗಳಲ್ಲಿ 3, 4 ಎಂಬ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಉಳಿಯುತ್ತದೆ, ಒಟ್ಟು ಇಪ್ಪತ್ತಮೂರು. ಅನುಕ್ರಮ ಮುಗಿದಾಗ ಅರ್ಧ ತುಂಬಿದ ಒಳಪಟ್ಟಿಯನ್ನು ಮರೆತುಬಿಡುವ ಪ್ರೋಗ್ರಾಂಗಳು ಬಹಳ. ಇಲ್ಲಿ ಹಾಗೆ ಮರೆತರೆ ಪದ್ಯದ ಕೊನೆಯ ಗುರುವೇ ಕಳೆದುಹೋಗುತ್ತದೆ! ಆ ಸ್ಥಾನದ ಅಕ್ಷರವು ಲಘುವಾಗಿದ್ದರೂ ಗುರುವೆಂದೇ ಎಣಿಸಬೇಕೆಂಬ ನಿಯಮವನ್ನೂ ಸೇರಿಸಬೇಕು.

ಹೀಗೆ ಪದ್ಯವೆಂಬುದು ಆರು ಪಾದಗಳ ಪಟ್ಟಿ. ಪಾದವು ಗಣಗಳ ಪಟ್ಟಿ. ಗಣವು ಮಾತ್ರೆಗಳ ಪಟ್ಟಿ. ಪೈತಾನ್ ಭಾಷೆಯು ಸೊನ್ನೆಯಿಂದ ಎಣಿಸುವುದರಿಂದ ಮೂರನೆಯ ಪಾದದ ಕೊನೆಯ ಗುರುವನ್ನು 2ನೆಯ ಪಾದದ 6ನೆಯ ಗಣವೆಂದು ಕೇಳಬೇಕಾಗುತ್ತದೆ. ಒಳಪಟ್ಟಿಗಳನ್ನೆಲ್ಲ ಬಿಚ್ಚಿ ಒಂದೇ ಸಾಲಾಗಿಸಿದರೆ ಮೊದಲಿನ ಅನುಕ್ರಮವೇ ಮರಳಿ ಬರಬೇಕು, ಮೊತ್ತವು 102 ಆಗಬೇಕು.

ಓಲೆಗರಿಗಳಲ್ಲಿ ಪದ್ಯಗಳನ್ನು ಪದ, ಪಾದಗಳಾಗಿ ಬಿಡಿಸದೆ ಎಡೆಬಿಡದೆ ಬರೆಯುತ್ತಿದ್ದರು. ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟಿದ್ದರೆ ಗಣವಿಭಾಗವು ಮುಂದೆಲ್ಲೋ ಮುರಿದು ಬೀಳುತ್ತದೆ. ಲೋಪವಾದ ಕಡೆಯಲ್ಲಿಯೇ ಮುರಿಯಬೇಕೆಂದಿಲ್ಲ, ಒಂದೆರಡು ಗಣಗಳ ಆಚೆಗೂ ಮುರಿಯಬಹುದು. ಅಲ್ಲಿಂದ ಹಿಂದಕ್ಕೆ ಹುಡುಕಿ, ಬೇರೆ ಪ್ರತಿಗಳ ಪಾಠವನ್ನು ಹೋಲಿಸಿ, ಬಿಟ್ಟುಹೋದ ಅಕ್ಷರ ಯಾವುದೆಂದು ನಿರ್ಣಯಿಸುವುದು ಸಂಪಾದಕನ ಕೆಲಸ.