ಚುಚ್ಚುಮದ್ದಿಗೆ ಮುಂಚೆ ಮೇವಿನ ತೊಟ್ಟಿ ನೋಡಪ್ಪ

ತಮ್ಮಾ, ಹಂದಿ ಬೇಗ ತೂಕ ಬರೋದಕ್ಕೆ ಗ್ರೋತ್ ಹಾರ್ಮೋನ್ ಕೊಡಬಹುದಾ ಎಂದು ಕೇಳಿದೆಯಲ್ಲ, ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ಕಾರಣ ಹೇಳದೆ ಬೇಡ ಎಂದರೆ ನಿನ್ನ ವಯಸ್ಸಿನವರು ಕೇಳುವುದಿಲ್ಲ, ಕೇಳಲೂಬಾರದು. ಆ ಕಾರಣದೊಳಗೇ ನಿನ್ನ ಕೊಟ್ಟಿಗೆಗೆ ಬೇಕಾದ ಪಾಠವೂ ಇದೆ.

ಈ ಹಾರ್ಮೋನ್ ಹೊರಗಿನ ವಸ್ತುವೇನಲ್ಲ. ಹಂದಿಯ ಪಿಟ್ಯುಟರಿ ಗ್ರಂಥಿಯೇ ಒಸರುವ, 191 ಅಮೈನೋ ಆಮ್ಲಗಳು ಸರಪಣಿಯಾಗಿ ಸೇರಿದ ಪ್ರೋಟೀನು ಅದು. ಬಾಯಿಗೆ ಹಾಕಿದರೆ ಬೇರೆ ಪ್ರೋಟೀನಿನ ಹಾಗೇ ಅರಗಿಹೋಗುತ್ತದೆ. ಅದಕ್ಕೇ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದಿನವೂ ಸೂಜಿ ಹಾಕುತ್ತಿದ್ದರು. 'ಫೀಡಿಗೆ ಬೆರೆಸುವ ಗ್ರೋತ್ ಹಾರ್ಮೋನ್' ಎಂದು ಯಾರಾದರೂ ಪುಡಿಯ ಡಬ್ಬಿ ಹಿಡಿದು ಬಂದರೆ ಬಾಗಿಲಿನಿಂದಲೇ ಕಳಿಸಿಬಿಡು.

1955ರಲ್ಲೇ ಅಮೆರಿಕದ ಟರ್ಮನ್ ಮತ್ತು ಆಂಡ್ರ್ಯೂಸ್ ಎಂಬ ವಿಜ್ಞಾನಿಗಳು ಹಂದಿಗೆ ಈ ಚುಚ್ಚುಮದ್ದು ಕೊಟ್ಟು ನೋಡಿದ್ದರು. 1980ರ ದಶಕದಲ್ಲಿ ಬ್ಯಾಕ್ಟೀರಿಯಾದಿಂದ ಹಾರ್ಮೋನ್ ತಯಾರಿಸುವುದು ಸಾಧ್ಯವಾದ ಮೇಲೆ ಪ್ರಯೋಗಗಳು ಜೋರಾದವು. ಮಾಂಸ ಹೆಚ್ಚಿತು, ಕೊಬ್ಬು ಗಣನೀಯವಾಗಿ ಇಳಿಯಿತು. ಜೊತೆಗೆ ಹಂದಿ ತಿನ್ನುವುದೂ ಕಡಿಮೆಯಾಯಿತು. ಇಲ್ಲೇ ಸ್ವಲ್ಪ ನಿಲ್ಲು, ವಿಷಯ ಇರುವುದು ಇಲ್ಲಿ.

80 ಕಿಲೋದ ಒಂದು ಹಂದಿಯನ್ನು ಲೆಕ್ಕಕ್ಕೆ ಹಿಡಿ. ದಿನಕ್ಕೆ 3 ಕಿಲೋ ಫೀಡ್ ತಿಂದು, ಮೈಯಲ್ಲಿ 120 ಗ್ರಾಂ ಪ್ರೋಟೀನ್ ಕೂಡಿಸುತ್ತದೆ ಎನ್ನೋಣ. ಹಂದಿಯ ಮೈಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ನೂರಕ್ಕೆ ಸುಮಾರು 7 ಪಾಲು. ಅಂದರೆ ದಿನಕ್ಕೆ 8.4 ಗ್ರಾಂ ಲೈಸಿನ್ ಮೈಗೆ ಹತ್ತಬೇಕು. ಹಾರ್ಮೋನ್ ಕೊಟ್ಟ ಮೇಲೆ ಅದೇ ಹಂದಿ 170 ಗ್ರಾಂ ಪ್ರೋಟೀನ್ ಕೂಡಿಸಲು ಹೊರಟು, 2.6 ಕಿಲೋ ಮಾತ್ರ ತಿಂದರೆ? ಮೈಗೆ ಹತ್ತಬೇಕಾದ ಲೈಸಿನ್ 11.9 ಗ್ರಾಂ ಆಯಿತು. ಒಂದು ಕಿಲೋ ಫೀಡಿನ ಲೆಕ್ಕಕ್ಕೆ ಇಳಿಸಿದರೆ 2.8 ಗ್ರಾಂ ಇದ್ದದ್ದು 4.6ರ ಹತ್ತಿರ ಬಂತು. ಕೆಲಸ ಹೆಚ್ಚಿದೆ, ತಿನ್ನುವುದು ಇಳಿದಿದೆ. ಹಾಗಾಗಿ ಪ್ರತಿ ತುತ್ತೂ ಹೆಚ್ಚು ಗಟ್ಟಿಯಾಗಿರಬೇಕು.

ಹಾರ್ಮೋನ್ ಬಿದ್ದ ಹಂದಿ ಅಮೈನೋ ಆಮ್ಲಗಳನ್ನು ಸುಟ್ಟು ಯೂರಿಯಾ ಮಾಡುವುದು ಕಡಿಮೆ, ಉಳಿಸಿಕೊಂಡು ಬಳಸುವುದು ಹೆಚ್ಚು. ಆದ್ದರಿಂದ ನಿಜವಾದ ಅಗತ್ಯ ಈ ಲೆಕ್ಕದಷ್ಟು ಏರಲಿಕ್ಕಿಲ್ಲ. ಎಳೆಯ ಹಂದಿಗಳಲ್ಲಂತೂ ವ್ಯತ್ಯಾಸ ಇನ್ನೂ ಸಣ್ಣದು, 60 ಕಿಲೋ ದಾಟಿದವುಗಳಲ್ಲೇ ಎದ್ದು ಕಾಣುವುದು. ಆದರೆ ಫೀಡಿನಲ್ಲಿ ಪ್ರೋಟೀನ್ ತೀರಾ ಕಡಿಮೆ ಇದ್ದರೆ ಚುಚ್ಚುಮದ್ದು ಕೊಟ್ಟರೂ ಮಾಂಸ ಹೆಚ್ಚುವುದಿಲ್ಲ ಎಂಬುದನ್ನು ಆಸ್ಟ್ರೇಲಿಯಾದ ಪ್ರಯೋಗಗಳು ಸ್ಪಷ್ಟವಾಗಿ ತೋರಿಸಿದವು. ನಾಟಿಗೆ ಆಳು ದುಪ್ಪಟ್ಟು ಕರೆದು, ಮಡಿಯಲ್ಲಿ ಪೈರೇ ಇಲ್ಲದಿದ್ದರೆ ಗದ್ದೆ ತುಂಬುತ್ತದೆಯೇ?

ಇನ್ನು ಬೇಡ ಎಂದದ್ದಕ್ಕೆ ಕಾರಣ. ಆಸ್ಟ್ರೇಲಿಯಾದಲ್ಲಿ ಈ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ಆದರೆ ಅಮೆರಿಕದಲ್ಲಿ ಹಂದಿಯ ತೂಕ ಹೆಚ್ಚಿಸಲು ಹಾರ್ಮೋನ್ ಬಳಸುವಂತಿಲ್ಲ. ಅಲ್ಲಿನ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಬೆಳವಣಿಗೆ ಹಾರ್ಮೋನಿನ ವಂಶವಾಹಿಯನ್ನೇ ಸೇರಿಸಿ ಹಂದಿ ಬೆಳೆಸಿದ್ದರು. ಸದಾಕಾಲ ಹಾರ್ಮೋನ್ ಹೆಚ್ಚಿದ್ದ ಆ ಹಂದಿಗಳು ಕೊಬ್ಬಿಲ್ಲದೆ ಬೆಳೆದವು ನಿಜ, ಆದರೆ ಹೊಟ್ಟೆಹುಣ್ಣು, ಕೀಲುಬೇನೆ, ಮೂತ್ರಪಿಂಡದ ಕಾಯಿಲೆಗಳಿಂದ ನರಳಿದವು. 1989ರಲ್ಲಿ ಆ ವರದಿ ಪ್ರಕಟವಾಯಿತು. ದಿನವೂ ಸೂಜಿ ಚುಚ್ಚುವುದಕ್ಕೂ ವಂಶವಾಹಿ ಸೇರಿಸುವುದಕ್ಕೂ ವ್ಯತ್ಯಾಸವಿದೆ. ಆದರೂ ಮೈಯನ್ನು ಅತಿಯಾಗಿ ದಬ್ಬಿದರೆ ಏನಾಗುತ್ತದೆ ಎಂಬುದಕ್ಕೆ ಅದೊಂದು ಎಚ್ಚರಿಕೆ.

ಈಗ ನಿನ್ನ ತೊಟ್ಟಿಗೆ ಬಾ. ನೀನು ಹಾಕುತ್ತಿರುವುದು ಹೋಟೆಲ್ ಮುಸುರೆ, ಮೆಕ್ಕೆಜೋಳದ ನುಚ್ಚು, ತೌಡು. ಹೊಟ್ಟೆ ತುಂಬುತ್ತದೆ, ಕೊಬ್ಬೂ ಬರುತ್ತದೆ. ಮಾಂಸ ಕಟ್ಟುವ ಲೈಸಿನ್ ಎಲ್ಲಿದೆ? ಒಂದು ಕಿಲೋ ಮೆಕ್ಕೆಜೋಳದಲ್ಲಿ ಸಿಗುವುದು ಹೆಚ್ಚೆಂದರೆ ಎರಡೂವರೆ ಗ್ರಾಂ ಆಸುಪಾಸು. ನೂರೇ ಗ್ರಾಂ ಸೋಯಾ ಹಿಂಡಿಯಲ್ಲಿ ಹತ್ತಿರಹತ್ತಿರ ಮೂರು ಗ್ರಾಂ ಇರುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಬೇಕಾದಷ್ಟಿದ್ದರೂ ಲೈಸಿನ್ ಸೋಯಾ ಹಿಂಡಿಯ ಅರ್ಧದಷ್ಟೇ. ಚೀಲದ ಮೇಲೆ ಅಚ್ಚಾದ ಪ್ರೋಟೀನ್ ಶೇಕಡಾವಾರು ನೋಡಿ ಮೋಸಹೋಗಬೇಡ, ಲೈಸಿನ್ ಎಷ್ಟು ಎಂದು ಕೇಳು. ಲೈಸಿನ್ ಒಂದನ್ನೇ ಸುರಿದರೂ ಆಗದು. ಥ್ರಿಯೊನಿನ್, ಮೆಥಿಯೊನಿನ್, ಟ್ರಿಪ್ಟೊಫಾನ್ ಎಂಬ ಬೇರೆ ಅಮೈನೋ ಆಮ್ಲಗಳೂ ಅದಕ್ಕೆ ತಕ್ಕ ಪ್ರಮಾಣದಲ್ಲಿ ಇರಬೇಕು. ಹಾಗೆಂದು ಹಿಂಡಿಯನ್ನು ಮಿತಿಮೀರಿ ಹಾಕಿದರೆ ಮಿಕ್ಕದ್ದು ಮೂತ್ರವಾಗಿ ಹೋಗಿ ಕೊಟ್ಟಿಗೆಯೆಲ್ಲ ಅಮೋನಿಯಾ ನಾತ, ಜೇಬಿಗೂ ತೂತು.

ಮರಿಗೆ, ಬೆಳೆಯುವ ಹಂದಿಗೆ, ಮಾರಾಟಕ್ಕೆ ಬಂದ ಹಂದಿಗೆ ಬೇರೆ ಬೇರೆ ಫೀಡ್ ಮಾಡು. ಮುಸುರೆಯನ್ನು ಚೆನ್ನಾಗಿ ಕುದಿಸಿಯೇ ಹಾಕು. ಹದಿನೈದು ದಿನಕ್ಕೊಮ್ಮೆ ತೂಕ ಹಾಕಿ, ತಿಂದ ಫೀಡ್ ಎಷ್ಟು, ಏರಿದ ತೂಕ ಎಷ್ಟು ಎಂದು ಬರೆದಿಡು. ಎರಡು ತಿಂಗಳು ಹೀಗೆ ಮಾಡಿಯೂ ತೂಕ ಬರದಿದ್ದರೆ ಆ ಪುಸ್ತಕ ತಗೊಂಡು ಬಾ. ಜಂತುಹುಳುವೋ ತಳಿಯ ದೋಷವೋ ಕೂತು ನೋಡೋಣ.